ಪ್ಲಗ್ ಕಿತ್ತಿದ್ದೆವು, ಆದರೂ ರೌಟರ್ ಸುಟ್ಟು ಹೋಯಿತು

ನಾಲ್ಕು ವರ್ಷದ ಹಿಂದೆ, ಮೇ ತಿಂಗಳ ಕೊನೆಯ ಒಂದು ಸಂಜೆ. ಮಳೆಗಾಲ ಇನ್ನೂ ಶುರುವಾಗಿರಲಿಲ್ಲ. ಘಟ್ಟದ ಕಡೆಯಿಂದ ಮೋಡ ಕಟ್ಟಿಕೊಂಡು ಬಂತು. ಉಡುಪಿಯಲ್ಲಿ ಇದ್ದವರಿಗೆ ಈ ಮೋಡದ ಗುರುತು ಗೊತ್ತು. ಅಮ್ಮ ಟಿವಿ ಪ್ಲಗ್ ತೆಗೆದರು, ರೌಟರ್ ಪ್ಲಗ್ ತೆಗೆದರು. ನಾನು ಕೋಣೆಯಲ್ಲಿ ಕಂಪ್ಯೂಟರ್ ಬಂದ್ ಮಾಡಿ ಗೋಡೆಯ ಸ್ವಿಚ್ ಆರಿಸಿದೆ. ಸ್ವಲ್ಪ ಹೊತ್ತಿಗೆ ಪಕ್ಕದ ತೋಟದ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು.

ಮಳೆ ನಿಂತ ಮೇಲೆ ನೋಡಿದರೆ ರೌಟರ್ ಸತ್ತಿತ್ತು. ಕಂಪ್ಯೂಟರ್ ಆನ್ ಆಯಿತು, ಆದರೆ ಇಂಟರ್ನೆಟ್ ವಯರ್ ಸಿಕ್ಕಿಸುವ ಲ್ಯಾನ್ ಪೋರ್ಟ್ ಕೆಲಸ ಮಾಡಲಿಲ್ಲ. ಸೆಟ್‌ಟಾಪ್ ಬಾಕ್ಸ್ ಹೋಗಿತ್ತು, ಅದರ ಜೊತೆ ಟಿವಿಯ ಒಂದು ಎಚ್‌ಡಿಎಂಐ ಪೋರ್ಟ್ ಕೂಡ. "ಎಲ್ಲ ತೆಗ್ದಿದ್ದೆ ಅಲ್ವಾ ಮಗ, ಮತ್ತೆ ಎಂತಕ್ಕೆ ಹೋಯ್ತು?" ಎಂದು ಅಮ್ಮ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮರುದಿನ ನಮ್ಮ ಎಲೆಕ್ಟ್ರಿಷಿಯನ್ ಬಂದರು. ಈ ಕಡೆಯ ಎಷ್ಟೋ ಮನೆಗಳಿಗೆ ವಯರಿಂಗ್ ಮಾಡಿದ ಕೈ ಅವರದು. ರೌಟರನ್ನು ಅವರು ಮುಟ್ಟಲೂ ಇಲ್ಲ. ಸೀದಾ ಟೆರೇಸಿಗೆ ಹೋಗಿ ಅಲ್ಲಿನ ಸಿಸಿಟಿವಿ ಕ್ಯಾಮೆರಾದ ಹತ್ತಿರ ನಿಂತರು.

"ಈ ವಯರ್ ಎಲ್ಲಿಗೆ ಹೋಗ್ತದೆ?"

"ರೌಟರಿಗೆ."

"ಅಲ್ಲಿಂದ?"

"ನನ್ನ ಕಂಪ್ಯೂಟರಿಗೆ."

"ಮತ್ತೆ ನೀವು ಪ್ಲಗ್ ತೆಗೆದು ಎಂತ ಪ್ರಯೋಜನ?"

ಅವರು ಹೇಳಿದ್ದು ಅಷ್ಟೇ. ಉಳಿದದ್ದನ್ನು ನಾನು ಓದಿ, ವಯರುಗಳನ್ನು ಒಂದೊಂದಾಗಿ ಹಿಂಬಾಲಿಸಿ ಅರ್ಥ ಮಾಡಿಕೊಂಡೆ. ಸಿಡಿಲು ಮನೆಗೇ ಬಡಿಯಬೇಕಾಗಿಲ್ಲ. ಹತ್ತಿರ ಎಲ್ಲಿಯೋ ಬಡಿದರೂ ಉದ್ದದ ತಾಮ್ರದ ವಯರಿನಲ್ಲಿ ಒಂದು ಕ್ಷಣಕ್ಕೆ ಸಾವಿರಾರು ವೋಲ್ಟ್ ಹುಟ್ಟಿಕೊಳ್ಳುತ್ತದೆ. ಟೆರೇಸಿನ ಕ್ಯಾಮೆರಾದಿಂದ ಇಳಿದು ಬಂದ ಲ್ಯಾನ್ ಕೇಬಲ್, ಡಿಶ್‌ನಿಂದ ಬಂದ ಕೇಬಲ್, ಎರಡೂ ತಾಮ್ರವೇ. ಆ ವಿದ್ಯುತ್ತಿಗೆ ಭೂಮಿಗೆ ಇಳಿಯಲು ಒಂದು ದಾರಿ ಬೇಕಿತ್ತು. ಅದು ಸಿಕ್ಕಿದ್ದು ನನ್ನ ಕಂಪ್ಯೂಟರಿನ ಮೂಲಕ. ಸ್ವಿಚ್ ಆರಿಸಿದ್ದೆ ನಿಜ. ಆದರೆ ನಮ್ಮ ಮನೆಗಳ ಸ್ವಿಚ್ ಕಡಿಯುವುದು ಕರೆಂಟ್ ತರುವ ಫೇಸ್ ವಯರ್ ಒಂದನ್ನು ಮಾತ್ರ. ಕರೆಂಟ್ ಮರಳುವ ನ್ಯೂಟ್ರಲ್ ಮತ್ತು ನೆಲಕ್ಕೆ ಇಳಿಯುವ ಅರ್ಥ್ ವಯರ್ ಹಾಗೆಯೇ ಜೋಡಿಸಿಕೊಂಡಿರುತ್ತವೆ. ಅಲ್ಲದೆ ಮೋಡದಿಂದ ನೆಲದವರೆಗೆ ಹಾರಿ ಬರುವ ವಿದ್ಯುತ್ತಿಗೆ ಸ್ವಿಚ್ಚಿನ ಒಳಗಿನ ಆ ಸಣ್ಣ ಸಂದು ಒಂದು ಲೆಕ್ಕವೇ ಅಲ್ಲ.

ಆಮೇಲೆ ನಾನು ಮಾಡಿದ ಮೊದಲ ಕೆಲಸಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಒಂದು ಹಾಳೆಯಲ್ಲಿ ಮನೆಯ ನಕ್ಷೆ ಬರೆದು, ಹೊರಗಿನಿಂದ ಒಳಗೆ ಬರುವ ಪ್ರತಿಯೊಂದು ವಯರನ್ನೂ ಗುರುತು ಹಾಕಿದೆ. ಕರೆಂಟಿನ ಲೈನ್, ಡಿಶ್ ಕೇಬಲ್, ಕ್ಯಾಮೆರಾ ಕೇಬಲ್, ಇಂಟರ್ನೆಟ್, ಗೇಟಿನ ಬೆಲ್, ಬಾವಿಯ ಪಂಪ್. ಆರು ದಾರಿ! ನಾವು ಮುಚ್ಚುತ್ತಿದ್ದದ್ದು ಒಂದನ್ನು ಮಾತ್ರ. ನಿಮ್ಮ ಮನೆಗೂ ಇಂಥ ನಕ್ಷೆ ಒಂದನ್ನು ಬರೆದು ನೋಡಿ. ಯಾವ ವಸ್ತು ಯಾವುದರ ಜೊತೆ ತಾಮ್ರದಿಂದ ಜೋಡಿಸಿಕೊಂಡಿದೆ ಎನ್ನುವುದು ಕಣ್ಣೆದುರು ಬರುತ್ತದೆ.

ನಂತರ ಕ್ಯಾಮೆರಾದ ಲ್ಯಾನ್ ಕೇಬಲ್ ತೆಗೆಸಿ ವೈಫೈ ಕ್ಯಾಮೆರಾ ಹಾಕಿದೆ. ಅದಕ್ಕೆ ಬೇರೆಯೇ ಅಡಾಪ್ಟರ್. ಹೋದರೆ ಅದೊಂದೇ ಹೋಗಲಿ, ಉಳಿದವುಗಳನ್ನು ಎಳೆದುಕೊಂಡು ಹೋಗುವುದು ಬೇಡ ಅಂತ. ನನ್ನ ಕಂಪ್ಯೂಟರ್ ಕೂಡ ಈಗ ವೈಫೈಯಲ್ಲೇ. ವೇಗ ಸ್ವಲ್ಪ ಕಡಿಮೆಯಾಯಿತು, ನೆಮ್ಮದಿ ಜಾಸ್ತಿಯಾಯಿತು. ಡಿಶ್ ಕೇಬಲ್ ಕಿಟಕಿಯ ಹತ್ತಿರ ಒಳಗೆ ಬರುವ ಕಡೆ ಒಂದು ಜೋಡಣೆ ಹಾಕಿಸಿದೆ. ಗುಡುಗು ಕೇಳಿದರೆ ಅಮ್ಮ ಅಲ್ಲೇ ತಿರುಗಿಸಿ ಬಿಚ್ಚುತ್ತಾರೆ.

ಇಂಟರ್ನೆಟ್ ಫೈಬರ್ ಆಗಿದ್ದರೆ ಭಯ ಇಲ್ಲ ಎಂದು ಹೇಳುವುದನ್ನು ಕೇಳಿದ್ದೇನೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಅದು ಸರಿ. ಆದರೆ ಕಂಬದಿಂದ ಮನೆಗೆ ಬರುವ ಎಷ್ಟೋ ಫೈಬರ್ ಕೇಬಲ್‌ಗಳಲ್ಲಿ ಭಾರ ತಡೆಯಲು ಒಂದು ಉಕ್ಕಿನ ತಂತಿ ಇರುತ್ತದೆ. ನಮ್ಮದರಲ್ಲೂ ಇತ್ತು, ರೌಟರಿನ ಹತ್ತಿರದವರೆಗೂ ಬಂದಿತ್ತು. ಕೇಬಲ್ ಹುಡುಗನಿಗೆ ಹೇಳಿ ಆ ತಂತಿಯನ್ನು ಹೊರಗೋಡೆಯ ಕೊಕ್ಕೆಗೇ ಕಟ್ಟಿಸಿ, ಅಲ್ಲಿಂದ ಒಳಗೆ ಬರದಂತೆ ಕತ್ತರಿಸಿದೆವು. ಹತ್ತು ನಿಮಿಷದ ಕೆಲಸ.

ಇನ್ನು ಏಕಾಏಕಿ ಏರುವ ವೋಲ್ಟೇಜ್‌ನಿಂದ ವಸ್ತುಗಳನ್ನು ಕಾಯುವ ಸ್ಪೈಕ್ ಬಸ್ಟರ್. ಅಂಗಡಿಯಲ್ಲಿ ಆ ಹೆಸರಿನಲ್ಲಿ ಸಿಗುವ ಎಷ್ಟೋ ವಸ್ತುಗಳು ಬರೀ ಎಕ್ಸ್‌ಟೆನ್ಷನ್ ಬೋರ್ಡುಗಳು. ಪೆಟ್ಟಿಗೆಯ ಮೇಲೆ ಜೂಲ್ ಲೆಕ್ಕ, ಅಂದರೆ ಎಷ್ಟು ಶಕ್ತಿಯ ಏಟು ತಡೆಯುತ್ತದೆ ಎನ್ನುವುದು, ಬರೆದಿದೆಯಾ ನೋಡಿ. ನಿಜವಾದದ್ದರ ಒಳಗೆ ಜಿಂಕ್ ಆಕ್ಸೈಡಿನ ಒಂದು ಬಿಲ್ಲೆ ಇರುತ್ತದೆ. ಸಾಧಾರಣ 230 ವೋಲ್ಟಿಗೆ ಅದು ಸುಮ್ನೆ ಇರುತ್ತದೆ. ವೋಲ್ಟೇಜ್ ಏಕಾಏಕಿ ಏರಿದಾಗ ದಾರಿ ಬಿಟ್ಟುಕೊಟ್ಟು ಬೇರೆ ಕಡೆ ಹರಿಸುತ್ತದೆ. ಪ್ರತಿ ಏಟಿಗೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಹಾಗಾಗಿ ಐದಾರು ಮಳೆಗಾಲ ಕಂಡ ಹಳೆಯ ಸ್ಪೈಕ್ ಬಸ್ಟರನ್ನು ನಂಬಬಾರದು. ದೀಪ ಉರಿಯುತ್ತಿದ್ದರೂ ಅದರ ಒಳಗಿನ ಬಿಲ್ಲೆ ಮುಗಿದಿರಬಹುದು. ನಾನು ಮೇನ್ ಬೋರ್ಡಿನಲ್ಲೇ ಒಂದು ಎಸ್‌ಪಿಡಿ (ಇಡೀ ಮನೆಗೆ ಇದೇ ಕೆಲಸ ಮಾಡುವ ಸರ್ಜ್ ಪ್ರೊಟೆಕ್ಷನ್ ಡಿವೈಸ್) ಹಾಕಿಸಿದೆ. ಕೂಲಿ ಸೇರಿ ಸುಮಾರು 4000 ರೂಪಾಯಿ ಆಯಿತು. ಅದರ ಮುಖದಲ್ಲಿ ಒಂದು ಸಣ್ಣ ಕಿಂಡಿ ಇದೆ. ಹಸಿರು ಇದ್ದರೆ ಸರಿ, ಕೆಂಪಾದರೆ ಬದಲಿಸಬೇಕು.

ಆದರೆ ಇದೆಲ್ಲ ಕೆಲಸ ಮಾಡಬೇಕಾದರೆ ಅರ್ಥಿಂಗ್ ಸರಿ ಇರಬೇಕು. ಹೆಚ್ಚಿನ ಮನೆಗಳಲ್ಲಿ ಅರ್ಥಿಂಗ್ ಗುಂಡಿಯನ್ನು ಮನೆ ಕಟ್ಟಿದ ದಿನದ ಮೇಲೆ ಯಾರೂ ನೋಡಿರುವುದಿಲ್ಲ. ನಮ್ಮದೂ ಹಾಗೆಯೇ. ಎಲೆಕ್ಟ್ರಿಷಿಯನ್ ಟೆಸ್ಟರ್ ತಂದು ನೆಲಕ್ಕೆ ಇಳಿಯುವ ದಾರಿಯ ತಡೆ ಅಳೆದಾಗ 18 ಓಮ್ ಬಂತು. 5ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ನೀರು ಕುಡಿದು ಒದ್ದೆ ಇರುತ್ತದೆ, ಏಪ್ರಿಲ್‌ಗೆ ಬರುವಾಗ ಒಣಗಿ ಕಲ್ಲಾಗುತ್ತದೆ. ಒಣ ನೆಲದಲ್ಲಿ ಕರೆಂಟ್ ಸರಿಯಾಗಿ ಇಳಿಯುವುದಿಲ್ಲ. ಗುಡುಗು ಸಿಡಿಲು ಜಾಸ್ತಿ ಇರುವುದೂ ಅದೇ ಏಪ್ರಿಲ್, ಮೇ ತಿಂಗಳಲ್ಲಿ. ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಗೆ ಅಷ್ಟು ಸಿಡಿಲು ಇರುವುದಿಲ್ಲ. ಗುಂಡಿಗೆ ಹೊಸದಾಗಿ ಇದ್ದಿಲು, ಉಪ್ಪು ಹಾಕಿಸಿದ ಮೇಲೆ 4 ಓಮ್‌ಗೆ ಇಳಿಯಿತು. ಈಗ ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ವಾರಕ್ಕೆ ಎರಡು ಸಲ ಆ ಗುಂಡಿಗೆ ಒಂದೊಂದು ಕೊಡ ನೀರು ಹಾಕುತ್ತೇನೆ.

ಪ್ಲಗ್ ತೆಗೆಯುವ ಹೊತ್ತಿನ ಬಗ್ಗೆಯೂ ಒಂದು ಮಾತು. ತಲೆಯ ಮೇಲೆ ಸಿಡಿಲು ಆರ್ಭಟಿಸುವಾಗ ಓಡಿ ಹೋಗಿ ವಯರ್ ಮುಟ್ಟಬೇಡಿ. ವಸ್ತು ಹೋದರೆ ಹೋಗಲಿ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಲೆಕ್ಕ. 30 ಎಣಿಸಿದರೆ ಹತ್ತು ಕಿಲೋಮೀಟರ್ ದೂರ ಇದೆ ಅಂತ ಅರ್ಥ. ಸಿಡಿಲು ಅದಕ್ಕಿಂತ ಹತ್ತಿರ ಬರುವ ಮೊದಲೇ ಪ್ಲಗ್ ತೆಗೆಯುವ ಕೆಲಸ ಮುಗಿದಿರಬೇಕು. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಮಾಡಿದ ದಾಮಿನಿ ಎನ್ನುವ ಆ್ಯಪ್ ಇದೆ. ಸುತ್ತಮುತ್ತ ಸಿಡಿಲು ಬೀಳುತ್ತಿದ್ದರೆ ಅದು ತೋರಿಸುತ್ತದೆ. ಅಮ್ಮನ ಫೋನಿಗೂ ಹಾಕಿ ಕೊಟ್ಟಿದ್ದೇನೆ. ಆದರೆ ಅವರು ಮೋಡ ನೋಡಿಯೇ ಹೇಳುತ್ತಾರೆ, ಹೆಚ್ಚಿನ ಸಲ ಆ್ಯಪ್‌ಗಿಂತ ಮೊದಲೇ.

ಸಿಡಿಲಿನಷ್ಟು ಸದ್ದು ಮಾಡದೆ ಅದಕ್ಕಿಂತ ಜಾಸ್ತಿ ನಷ್ಟ ಮಾಡಿದ್ದು ತಂಡಿ, ಅಂದರೆ ಮಳೆಗಾಲದ ತೇವ. ಅಜ್ಜಿಯ ಕೊನೆಯ ವರ್ಷಗಳ ಫೋಟೋ ಇದ್ದ ಒಂದು ಹಾರ್ಡ್ ಡಿಸ್ಕ್ ಇತ್ತು. ಜೋಪಾನವಾಗಿರಲಿ ಎಂದು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದೆ. ಎರಡು ಮಳೆಗಾಲ ಕಳೆದು ತೆಗೆದರೆ ಕಟ್ ಕಟ್ ಶಬ್ದ ಮಾತ್ರ. ಅದೇ ಕಪಾಟಿನಲ್ಲಿದ್ದ ಕ್ಯಾಮೆರಾ ಲೆನ್ಸಿನ ಒಳಗೆ ಜೇಡರ ಬಲೆಯ ಹಾಗೆ ಬೂಸ್ಟು ಹಬ್ಬಿತ್ತು. ಆ ಫೋಟೋಗಳಲ್ಲಿ ಅರ್ಧ ಅಕ್ಕನ ಹತ್ತಿರ ಸಿಕ್ಕಿದವು. ಉಳಿದರ್ಧ ಸಿಗಲೇ ಇಲ್ಲ. ಅದನ್ನು ನೆನೆದರೆ ಇವತ್ತಿಗೂ ಬೇಸರವಾಗುತ್ತದೆ.

ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಜುಲೈಯಲ್ಲಿ ನನ್ನ ಕೋಣೆಯ ತೇವಾಂಶ ಮಾಪಕ ಶೇಕಡಾ 90ರ ಆಸುಪಾಸಿನಲ್ಲೇ ಇರುತ್ತದೆ. 60 ದಾಟಿದರೆ ಬೂಸ್ಟಿಗೆ ಅನುಕೂಲ. ಗಮನಿಸಿ ನೋಡಿ, ದಿನಾ ಬಳಸುವ ವಸ್ತು ಅಷ್ಟು ಬೇಗ ಕೆಡುವುದಿಲ್ಲ. ಅದರ ಬಿಸಿಯೇ ಅದನ್ನು ಒಣಗಿಸುತ್ತಿರುತ್ತದೆ. ಕೆಡುವುದು ಎತ್ತಿಟ್ಟ ವಸ್ತು. ಹಾಗಾಗಿ ಹಳೆಯ ಲ್ಯಾಪ್‌ಟಾಪನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಂದು ಗಂಟೆ ಓಡಿಸುತ್ತೇನೆ.

ಎತ್ತಿಡಲೇಬೇಕಾದ ವಸ್ತುಗಳಿಗೆ ದಾರಿ ತೋರಿಸಿದ್ದು ಅಮ್ಮನ ಹಪ್ಪಳದ ಡಬ್ಬ. ಆಟಿಯಲ್ಲೂ ಆ ಹಪ್ಪಳ ಗರಿಗರಿ ಇರುತ್ತದೆ. ಗಾಳಿ ಹೋಗದ ಮುಚ್ಚಳ ಅದರದು. ಅಂಥದ್ದೇ ರಬ್ಬರ್ ಪಟ್ಟಿ ಇರುವ ಒಂದು ದೊಡ್ಡ ಡಬ್ಬ ತಂದೆ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಕಾಲು ಕಿಲೋ, ಒಂದು ಸಣ್ಣ ತೇವಾಂಶ ಮಾಪಕ. ಲೆನ್ಸ್, ಹಾರ್ಡ್ ಡಿಸ್ಕ್, ಪೆನ್ ಡ್ರೈವ್ ಎಲ್ಲ ಅದರೊಳಗೆ. ಮಾಪಕ 40ರಿಂದ 50ರ ನಡುವೆ ಇದ್ದರೆ ಸಾಕು. ತೀರಾ ಒಣಗಿಸಿದರೆ ಲೆನ್ಸಿನ ಒಳಗಿನ ಗ್ರೀಸಿಗೆ ಒಳ್ಳೆಯದಲ್ಲ. ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ತೆಗೆದುಕೊಳ್ಳಿ. ನೀಲಿಯದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಬಣ್ಣ ಬದಲಾದಾಗ ಓವನ್‌ನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಬಳಸಬಹುದು. ಯಾವ ಬಣ್ಣವೇ ಇರಲಿ, ಅಡುಗೆ ಮಾಡುವ ಪಾತ್ರೆಯಲ್ಲಿ ಮಾತ್ರ ಬಿಸಿ ಮಾಡಬೇಡಿ.

ಫೋನ್ ಮಳೆಯಲ್ಲಿ ನೆನೆದರೆ ಅಕ್ಕಿ ಡಬ್ಬಕ್ಕೆ ಹಾಕುವುದು ಬೇಡ. ಅಕ್ಕಿಯ ಹುಡಿ ಪೋರ್ಟಿಗೆ ಹೋಗಿ ಕೂರುತ್ತದೆ. ಆಫ್ ಮಾಡಿ, ಪೋರ್ಟ್ ಕೆಳಮುಖ ಮಾಡಿ ಮೆಲ್ಲ ತಟ್ಟಿ, ಫ್ಯಾನ್ ಗಾಳಿಗೆ ಒಂದು ದಿನ ಇಡಿ. ಅಲ್ಲಿಯವರೆಗೆ ಚಾರ್ಜಿಗೆ ಹಾಕಬೇಡಿ.

ಕರೆಂಟ್ ಹೋದಾಗ ಇಂಟರ್ನೆಟ್ ಉಳಿಸಿಕೊಳ್ಳುವುದು ಮನೆಯಿಂದ ಕೆಲಸ ಮಾಡುವ ನನಗೆ ಮುಖ್ಯ. ಇನ್ವರ್ಟರ್ ಇದೆ, ಆದರೆ ಅದು ಬದಲಾಗುವ ಆ ಕ್ಷಣದಲ್ಲಿ ರೌಟರ್ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಅದಕ್ಕೆ ರೌಟರಿಗೇ ಹಾಕುವ ಸಣ್ಣ ಯುಪಿಎಸ್ ತಂದೆ. ಮೊದಲು ತಂದಾಗ ಲೆಕ್ಕ ತಪ್ಪಿದ್ದೆ. ಪೆಟ್ಟಿಗೆಯಲ್ಲಿ 10,000 ಎಂಎಎಚ್ (ಮಿಲಿಆಂಪಿಯರ್ ಅವರ್), ಅಂದರೆ 10 ಆಂಪಿಯರ್ ಅವರ್ ಎಂದಿತ್ತು. ರೌಟರ್ 12 ವೋಲ್ಟ್, 0.75 ಆಂಪಿಯರ್. ಭಾಗಿಸಿದರೆ 13 ಗಂಟೆ ಬರಬೇಕು ಅಂದುಕೊಂಡೆ. ಬಂದದ್ದು ಮೂರೂವರೆ ಗಂಟೆ. ಆ 10,000 ಎನ್ನುವುದು ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ. ಗುಣಿಸಿದರೆ 37 ವಾಟ್ ಅವರ್. ರೌಟರಿಗೆ ಬೇಕಾದದ್ದು 9 ವಾಟ್. ವೋಲ್ಟೇಜ್ ಏರಿಸುವಾಗ ಆಗುವ ನಷ್ಟ ಕಳೆದರೆ ಮೂರೂವರೆ ಗಂಟೆಯೇ ಸರಿ. ಕೊಳ್ಳುವಾಗ ಈ ವಾಟ್ ಅವರ್ ಲೆಕ್ಕ ಹಾಕಿ. ವೋಲ್ಟೇಜ್ ನಿಮ್ಮ ರೌಟರಿನದ್ದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು. ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಎನ್ನುವುದನ್ನೂ ಅಡಾಪ್ಟರ್ ಮೇಲಿನ ಚಿತ್ರ ನೋಡಿ ಖಚಿತ ಮಾಡಿಕೊಳ್ಳಿ. ಗುಡುಗು ಬಂದಾಗ ಈ ಯುಪಿಎಸ್‌ನ ಪ್ಲಗ್ಗನ್ನೂ ಗೋಡೆಯಿಂದ ಕಿತ್ತುಬಿಡುತ್ತೇನೆ. ರೌಟರ್ ಬ್ಯಾಟರಿಯ ಮೇಲೆ ನಡೆಯುತ್ತಿರುತ್ತದೆ, ಹೊರಗಿನ ತಾಮ್ರದ ಜೊತೆ ಯಾವ ಸಂಬಂಧವೂ ಇರುವುದಿಲ್ಲ.

ಫೋಟೋಗಳು ಈಗ ಮೂರು ಕಡೆ ಇವೆ. ಒಂದು ನನ್ನ ಕಂಪ್ಯೂಟರಿನಲ್ಲಿ, ಒಂದು ಕ್ಲೌಡ್‌ನಲ್ಲಿ, ಒಂದು ಮಂಗಳೂರಿನ ಅಕ್ಕನ ಮನೆಯಲ್ಲಿ. ಡಿಸ್ಕ್ ಎರಡಿವೆ. ಯುಗಾದಿಗೂ ಚೌತಿಗೂ ಅಕ್ಕ ಬರುವಾಗ ಅಲ್ಲಿದ್ದದ್ದನ್ನು ತರುತ್ತಾಳೆ, ಡಬ್ಬದಲ್ಲಿ ತಯಾರು ಮಾಡಿಟ್ಟದ್ದನ್ನು ಒಯ್ಯುತ್ತಾಳೆ. ಒಯ್ಯುವ ಮೊದಲು ಹತ್ತಿಪ್ಪತ್ತು ಫೋಟೋ ತೆರೆದು ನೋಡುತ್ತೇವೆ. ಕಾಪಿ ಆಗಿದೆ ಎಂದು ಕಂಪ್ಯೂಟರ್ ಹೇಳಿದರೆ ಸಾಲದು, ಕಣ್ಣಿಗೆ ಕಾಣಬೇಕು.

ನಕ್ಷೆಯಲ್ಲಿ ಇನ್ನೂ ಬಾಕಿ ಇರುವುದು ಬಾವಿಯ ಪಂಪ್. ಅಂಗಳ ದಾಟಿ ಹೋಗುವ ಆ ಉದ್ದದ ವಯರು, ಅದರ ಕೊನೆಯಲ್ಲಿ ಮೊಬೈಲಿನಿಂದ ಆನ್ ಮಾಡುವ ಸ್ಟಾರ್ಟರ್. ಸದ್ಯಕ್ಕೆ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಒಂದು ಐಸೊಲೇಟರ್ ಜಗಲಿಯಲ್ಲಿ ಹಾಕಿಸಿದ್ದೇನೆ, ಮೋಡ ಕಂಡರೆ ಅದನ್ನು ಇಳಿಸುತ್ತೇವೆ. ಏಪ್ರಿಲ್‌ಗೆ ಮೊದಲು ಸ್ಟಾರ್ಟರಿನ ಹತ್ತಿರ ಇನ್ನೊಂದು ಎಸ್‌ಪಿಡಿ, ಅದಕ್ಕೆ ಬೇರೆಯೇ ಅರ್ಥಿಂಗ್ ಗುಂಡಿ ತೋಡಿಸಬೇಕು.