ಹೊರದೇಶದ ಆಂಪ್ಲಿಫೈಯರ್ ನಮ್ಮನೆ ಪ್ಲಗ್ಗಿಗೆ ಹಾಕುವ ಮುಂಚೆ

ಅಮೆರಿಕದಿಂದ ವಾಪಸ್ ಬರುವಾಗ ಅಕ್ಕ ತಂದುಕೊಟ್ಟ ಆಂಪ್ಲಿಫೈಯರ್ ಇರಬಹುದು, ಜಪಾನಿನಿಂದ ತರಿಸಿಕೊಂಡ ಹಳೇ ರೆಕಾರ್ಡ್ ಪ್ಲೇಯರ್ ಇರಬಹುದು. ಡಬ್ಬ ಬಿಚ್ಚಿದ ಕೂಡಲೇ ಹಾಡು ಹಾಕಬೇಕು ಅನ್ನಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ನಮ್ಮ ಗೋಡೆಯಲ್ಲಿ ಬರುವುದು 230 ವೋಲ್ಟ್, 50 ಹರ್ಟ್ಸ್. ಹರ್ಟ್ಸ್ ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಡುತ್ತದೆ ಅನ್ನುವ ಲೆಕ್ಕ. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. ಜಪಾನಿನಲ್ಲಿ 100 ವೋಲ್ಟ್, ಆದರೆ ಹರ್ಟ್ಸ್ ಮಾತ್ರ ದೇಶದೊಳಗೇ ಎರಡು ಥರ: ಟೋಕಿಯೊ ಕಡೆ 50, ಒಸಾಕಾ ಕಡೆ 60. 1890ರ ದಶಕದಲ್ಲಿ ಟೋಕಿಯೊದವರು ಜರ್ಮನಿಯ ಜನರೇಟರ್ ತರಿಸಿದರು, ಒಸಾಕಾದವರು ಅಮೆರಿಕದ್ದು ತರಿಸಿದರು. ಅದು ಇವತ್ತಿಗೂ ಹಾಗೇ ಉಳಿದಿದೆ.

ಇದರಲ್ಲಿ ವೋಲ್ಟೇಜ್ ಸರಿ ಮಾಡುವುದು ಸುಲಭ, ದುಡ್ಡು ಕೊಟ್ಟರೆ ಆಗುತ್ತದೆ. ಹರ್ಟ್ಸ್ ಹಾಗಲ್ಲ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸನ್ನು ಮುಟ್ಟುವುದೇ ಇಲ್ಲ. ‘ಇದೊಂದು ಹಾಕಿ ಸಾರ್, ಎಲ್ಲಾ ಸರಿ ಹೋಗುತ್ತೆ’ ಅಂತ ಅಂಗಡಿಯಲ್ಲಿ ಹೇಳಿದರೆ ಅರ್ಧ ಮಾತ್ರ ನಿಜ.

ಮೊದಲು ಸೆಟ್ಟನ್ನು ತಿರುಗಿಸಿ, ಮೊಬೈಲ್ ಟಾರ್ಚ್ ಹಾಕಿ, ಹಿಂದುಗಡೆ ವೈರು ಒಳಗೆ ಹೋಗುವ ಜಾಗದ ಹತ್ತಿರ ಇರುವ ಸಣ್ಣ ಅಕ್ಷರ ಓದಿ. ‘100-240 ವೋಲ್ಟ್, 50/60 ಹರ್ಟ್ಸ್’ ಅಂತಿದ್ದರೆ ನಿಮ್ಮ ಕೆಲಸ ಮುಗಿಯಿತು. ಪ್ಲಗ್ಗು ಅಥವಾ ವೈರು ಬದಲಾಯಿಸಿದರೆ ಸಾಕು, ಟ್ರಾನ್ಸ್‌ಫಾರ್ಮರ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಈಗಿನ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ರೂಪಕ್ಕೆ ತಿರುಗಿಸುವ ಡಬ್ಬಿ), ಸ್ಟ್ರೀಮರ್ (ಇಂಟರ್ನೆಟ್ಟಿನಿಂದ ಹಾಡು ಎಳೆಯುವ ಡಬ್ಬಿ), ಅಡಾಪ್ಟರ್ ಮೇಲೆ ಓಡುವ ಸ್ಪೀಕರ್ ಎಲ್ಲಾ ಬಹುತೇಕ ಹೀಗೇ ಇರುತ್ತವೆ. ತೊಂದರೆ ಕೊಡುವುದು ಹಳೇ ಭಾರದ ಸೆಟ್ಟುಗಳು, ಅವುಗಳ ಮೇಲೆ ಒಂದೇ ವೋಲ್ಟೇಜ್ ಬರೆದಿರುತ್ತದೆ.

ಕೆಲವಕ್ಕೆ ಹಿಂದೆ 115/230 ಅಂತ ಒಂದು ಸೆಲೆಕ್ಟರ್ ಸ್ವಿಚ್ ಇರುತ್ತದೆ. ಪ್ಲಗ್ಗು ಕಿತ್ತಿಟ್ಟು ಅದನ್ನು 230ಕ್ಕೆ ತಿರುಗಿಸಿ, ಫ್ಯೂಸನ್ನೂ ನೋಡಿ. ವೋಲ್ಟೇಜ್ ದುಪ್ಪಟ್ಟಾದರೆ ಕರೆಂಟ್ ಅರ್ಧ, ಹಾಗಾಗಿ ಫ್ಯೂಸ್ ಕೂಡ ಸುಮಾರು ಅರ್ಧ ಆಂಪಿಯರ್‌ನದು ಬೇಕು. ಜಪಾನಿನ ಒಳಗಡೆ ಮಾರಾಟಕ್ಕೆ ಮಾಡಿದ ಮಾಡೆಲ್‌ಗಳಲ್ಲಿ ಎಷ್ಟೋ ಸಲ ಈ ಸ್ವಿಚ್ ಇರುವುದಿಲ್ಲ. ಅದೇ ಹೆಸರಿನ ಎಕ್ಸ್‌ಪೋರ್ಟ್ ಮಾಡೆಲ್ ಫೋಟೊ ನೋಡಿ ನಮ್ಮದರಲ್ಲೂ ಇದೆ ಅಂದುಕೊಳ್ಳಬೇಡಿ.

ಸ್ವಿಚ್ ಇಲ್ಲದಿದ್ದರೆ ಎಲೆಕ್ಟ್ರಾನಿಕ್ ಸಾಮಾನು ಸಿಗುವ ಬೆಂಗಳೂರಿನ ಎಸ್‌.ಪಿ. ರೋಡಿಗೆ ಒಂದು ಸುತ್ತು ಹೋಗಬೇಕಾಗುತ್ತದೆ. ಅಲ್ಲಿ ಸ್ಟೆಪ್‌ಡೌನ್ ಕೇಳಿದರೆ ಸಾಮಾನ್ಯವಾಗಿ ಮೊದಲು ತೋರಿಸುವುದು ಆಟೋ ಟ್ರಾನ್ಸ್‌ಫಾರ್ಮರ್, ಯಾಕಂದರೆ ಅದು ಹಗುರ, ಅಗ್ಗ. ನನಗೆ ಅದು ಇಷ್ಟವಿಲ್ಲ. ಅದರಲ್ಲಿ ಒಂದೇ ವೈಂಡಿಂಗ್ (ತಂತಿಯ ಸುರುಳಿ) ಇರುತ್ತದೆ, 110 ಅನ್ನುವುದು ಅದರ ನಡುವಿನಿಂದ ತೆಗೆದ ಒಂದು ತುದಿ, ಅಷ್ಟೆ. ಕೆಳಗಿನ ಭಾಗದ ಸುತ್ತು ಎಲ್ಲಾದರೂ ತುಂಡಾದರೆ ಸೀದಾ 230 ನಿಮ್ಮ ಆಂಪ್ಲಿಫೈಯರ್‌ಗೆ ನುಗ್ಗುತ್ತದೆ. ಗೋಡೆಯಲ್ಲಿ ಫೇಸ್ ನ್ಯೂಟ್ರಲ್ ಅದಲುಬದಲಾಗಿದ್ದರೆ ಔಟ್‌ಪುಟ್‌ನ ಎರಡೂ ವೈರಿನಲ್ಲಿ ಶಾಕ್ ಇರುತ್ತದೆ. ‘ಎರಡು ವೈಂಡಿಂಗ್ ಇರೋ ಐಸೊಲೇಷನ್ ಟೈಪ್ ಕೊಡಿ’ ಅಂತ ಕೇಳಿ. ಕೊಟ್ಟದ್ದು ಅದೇನಾ ಅಂತ ಅಲ್ಲೇ ನೋಡಬಹುದು: ಪ್ಲಗ್ಗು ಹಾಕದೆ ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ, ಒಂದು ಕಡ್ಡಿ ಇನ್‌ಪುಟ್ ಪ್ಲಗ್ಗಿನ ಫೇಸ್ ಪಿನ್ನಿಗೆ, ಇನ್ನೊಂದು ಔಟ್‌ಪುಟ್ ಸಾಕೆಟ್ಟಿನ ಯಾವುದಾದರೂ ತೂತಿಗೆ ಇಡಿ. ಅರ್ತ್ ಪಿನ್ ಬಿಟ್ಟುಬಿಡಿ. ಏನೂ ತೋರಿಸದಿದ್ದರೆ ಐಸೊಲೇಷನ್. ಕೆಲವೇ ಓಮ್ ತೋರಿಸಿದರೆ ಆಟೋ, ಮೇಲೆ ಏನೇ ಲೇಬಲ್ ಅಂಟಿಸಿರಲಿ.

ಅಂಗೈ ಅಗಲದ, 1600 ವ್ಯಾಟ್ ಅಂತ ಬರೆದ ಟ್ರಾವೆಲ್ ಕನ್ವರ್ಟರ್ ಮಾತ್ರ ಯಾವತ್ತೂ ಬೇಡ. ಅದು ಹೇರ್ ಡ್ರೈಯರ್‌ಗೆ ಮಾಡಿದ್ದು. ಕರೆಂಟಿನ ಅಲೆಯನ್ನೇ ಕತ್ತರಿಸಿ ಕೊಡುತ್ತದೆ. ಆಡಿಯೋ ಸೆಟ್ಟಿಗೆ ಅದು ವಿಷ.

ಎಷ್ಟು ವಿಎ (ವೋಲ್ಟ್-ಆಂಪಿಯರ್, ಟ್ರಾನ್ಸ್‌ಫಾರ್ಮರ್ ಹೊರುವ ಹೊರೆಯ ಅಳತೆ) ಬೇಕು? ಸೆಟ್ಟಿನ ಮೇಲೆ ಬರೆದ ವ್ಯಾಟ್‌ನ ಎರಡರಷ್ಟಾದರೂ ಇರಲಿ. ಆಂಪ್ಲಿಫೈಯರ್ ಆದರೆ ಇನ್ನೂ ಜಾಸ್ತಿ ಇದ್ದರೆ ಒಳ್ಳೆಯದು, ಡೋಲು ತಮಟೆ ಬಂದಾಗ ಅದು ಒಂದೇ ಸಲಕ್ಕೆ ಕರೆಂಟ್ ಎಳೆಯುತ್ತದೆ. ಸಿಡಿ ಪ್ಲೇಯರ್‌ಗೆ 100 ವಿಎ ಧಾರಾಳ.

ಇನ್ನು ಎಲ್ಲರೂ ಎಡವುವುದು ಜಪಾನ್ ಸೆಟ್ಟಿನ ವಿಷಯದಲ್ಲಿ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 230ರಿಂದ 110. ‘ಹತ್ತು ವೋಲ್ಟ್ ತಾನೆ’ ಅಂತ ತಂದುಬಿಡುತ್ತಾರೆ. ನಮ್ಮ ಕರೆಂಟು ಯಾವಾಗಲೂ 230ರಲ್ಲೇ ನಿಂತಿರುತ್ತದೆಯೇ? 207ರಿಂದ 253ರವರೆಗೆ ಹತ್ತು ಪರ್ಸೆಂಟ್ ಆಚೀಚೆ ಆದರೂ ಲೆಕ್ಕದೊಳಗೇ. ಸಂಜೆ ಎಲ್ಲರ ಮನೆಯಲ್ಲೂ ಗೀಸರ್, ಮೋಟರ್ ಓಡುವಾಗ ಇಳಿಯುತ್ತದೆ, ಮಧ್ಯರಾತ್ರಿ ಮೇಲೇರುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಮನೆ ಇದ್ದವರಿಗೆ ಇನ್ನೂ ಜಾಸ್ತಿ. ಗೋಡೆಯಲ್ಲಿ 245 ಇದ್ದಾಗ ಆ 110ರ ಡಬ್ಬಿ 117 ಕೊಡುತ್ತದೆ. 100 ವೋಲ್ಟಿನ ಸೆಟ್ಟಿಗೆ ಅದು ಹದಿನೇಳು ಪರ್ಸೆಂಟ್ ಹೆಚ್ಚು, ಒಳಗಿನ ರೆಗ್ಯುಲೇಟರ್ ಬಿಸಿಯಾಗುತ್ತದೆ, ಕೆಪಾಸಿಟರ್ ಬೇಗ ಹೋಗುತ್ತದೆ. ಜಪಾನ್ ಸೆಟ್ಟಿಗೆ 100 ವೋಲ್ಟಿನದೇ ಬೇಕು. ಸಿಗದಿದ್ದರೆ ವೈಂಡಿಂಗ್ ಮಾಡುವವರ ಹತ್ತಿರ ಹೇಳಿ ಮಾಡಿಸಿ. ಅದಕ್ಕೂ ಮುಂಚೆ ನಿಮ್ಮ ಮನೆಯ ಸಾಕೆಟ್ಟಿನಲ್ಲಿ ಸಂಜೆ ಒಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ ಮೀಟರ್ ಇಟ್ಟು ನೋಡಿ.

ಈಗ ಹರ್ಟ್ಸ್. ‘50/60’ ಅಂತಿದ್ದರೆ ಚಿಂತೆಯಿಲ್ಲ. ಬರೀ ‘60 ಹರ್ಟ್ಸ್’ ಅಂತಿದ್ದರೆ ಸೆಟ್ಟಿನ ಒಳಗಿನ ಟ್ರಾನ್ಸ್‌ಫಾರ್ಮರ್ ಲೆಕ್ಕ ತಪ್ಪುತ್ತದೆ. ಅದೇ 120 ವೋಲ್ಟನ್ನು 50 ಹರ್ಟ್ಸಿನಲ್ಲಿ ಕೊಟ್ಟರೆ ಕಬ್ಬಿಣದ ಕೋರಿನ ಮೇಲೆ ಇಪ್ಪತ್ತು ಪರ್ಸೆಂಟ್ ಹೆಚ್ಚು ಕಾಂತದ ಹೊರೆ ಬೀಳುತ್ತದೆ. ಬಿಸಿಯಾಗುತ್ತದೆ, ಗುಂಯ್ ಅನ್ನುತ್ತದೆ. ಎಷ್ಟೋ ಸೆಟ್ಟುಗಳು ತಡೆದುಕೊಳ್ಳುತ್ತವೆ. ಹಾಡು ಹಾಕದೆ ಒಂದು ಗಂಟೆ ಆನ್ ಇಟ್ಟು ಮೇಲಿನ ಮುಚ್ಚಳ ಮುಟ್ಟಿ ನೋಡಿ, ಕೈ ಇಡಲು ಆಗದಷ್ಟು ಸುಡುತ್ತಿದ್ದರೆ ಆರಿಸಿ. ಇದಕ್ಕೊಂದು ಉಪಾಯ ಇದೆ: 120 ವೋಲ್ಟಿನ ಆಂಪ್ಲಿಫೈಯರ್‌ಗೆ 100 ವೋಲ್ಟೇ ಕೊಡಿ. 120ನ್ನು 60ರಿಂದ ಭಾಗಿಸಿದರೂ 2, 100ನ್ನು 50ರಿಂದ ಭಾಗಿಸಿದರೂ 2, ಕೋರಿನ ಹೊರೆ ಮೊದಲಿನಷ್ಟೇ ಆಗುತ್ತದೆ. ಪವರ್ ಸುಮಾರು ಮೂವತ್ತು ಪರ್ಸೆಂಟ್ ಕಮ್ಮಿಯಾಗುತ್ತದೆ, ನಮ್ಮ ಮನೆಯ ಹಾಲ್‌ನ ಅಳತೆಗೆ ಅದೇನೂ ಗೊತ್ತಾಗುವುದಿಲ್ಲ. ಸಿಡಿ ಪ್ಲೇಯರ್‌ನಂಥವು ಮಾತ್ರ ವೋಲ್ಟೇಜ್ ಸಾಲದೆ ತಕರಾರು ಮಾಡಬಹುದು.

ಮೋಟರ್ ಇರುವ ಸೆಟ್ಟಿನಲ್ಲಿ ಉಪಾಯ ಬೇರೆ. ಎಸಿ ಸಿಂಕ್ರೊನಸ್ ಮೋಟರ್ ತಿರುಗುವ ವೇಗ ಹರ್ಟ್ಸನ್ನೇ ಹಿಡಿದುಕೊಂಡಿರುತ್ತದೆ. 60 ಹರ್ಟ್ಸಿನ ರೆಕಾರ್ಡ್ ಪ್ಲೇಯರ್ ಇಲ್ಲಿ ನಿಮಿಷಕ್ಕೆ 33⅓ ಸುತ್ತಿನ ಬದಲು 27.8 ಸುತ್ತು ಹಾಕುತ್ತದೆ. ಪಿ.ಬಿ. ಶ್ರೀನಿವಾಸ್ ಎಲ್‌ಪಿ ಇಟ್ಟರೆ ಅವರು ಮೂರು ಸ್ವರಸ್ಥಾನಕ್ಕೂ ಕೆಳಗಿನ ಶ್ರುತಿಯಲ್ಲಿ ಎಳೆದೆಳೆದು ಹಾಡುತ್ತಾರೆ. ಎಷ್ಟೇ ಒಳ್ಳೇ ಟ್ರಾನ್ಸ್‌ಫಾರ್ಮರ್ ತಂದರೂ ಇದು ಸರಿಹೋಗುವುದಿಲ್ಲ. ಬೆಲ್ಟ್ ಡ್ರೈವ್ (ಮೋಟರ್ ಬೆಲ್ಟಿನ ಮೂಲಕ ತಟ್ಟೆ ತಿರುಗಿಸುವಂಥದ್ದು) ಆದರೆ ಮೋಟರಿನ ಪುಲ್ಲಿಯನ್ನು 1.2 ಪಟ್ಟು ದಪ್ಪದ್ದಕ್ಕೆ ಬದಲಾಯಿಸಿ, ಲಿನ್‌ನಂಥ ರೆಕಾರ್ಡ್ ಪ್ಲೇಯರ್ ಕಂಪನಿಗಳು 50ಕ್ಕೂ 60ಕ್ಕೂ ಬೇರೆ ಬೇರೆ ಪುಲ್ಲಿಯನ್ನೇ ಮಾಡಿವೆ. ಇಲ್ಲದಿದ್ದರೆ ತಾನೇ 60 ಹರ್ಟ್ಸ್ ಹುಟ್ಟಿಸುವ ಮೋಟರ್ ಕಂಟ್ರೋಲರ್ ಹಾಕಬಹುದು, ಸಣ್ಣ ಮೋಟರ್ ಆದ್ದರಿಂದ ಅದು ಸಾಧ್ಯ. ಟೆಕ್ನಿಕ್ಸ್ ಎಸ್‌ಎಲ್-1200 ಥರದ, ಮೋಟರೇ ನೇರವಾಗಿ ತಟ್ಟೆ ತಿರುಗಿಸುವ ಡೈರೆಕ್ಟ್ ಡ್ರೈವ್‌ಗಳಿಗೆ ಈ ರಗಳೆಯೇ ಇಲ್ಲ, ವೋಲ್ಟೇಜ್ ಸರಿಯಿದ್ದರೆ ಆಯಿತು. ಹಳೇ ಸ್ಪೂಲ್ ಟೇಪ್ ಡೆಕ್ಕುಗಳಲ್ಲಿ ಹುಷಾರಾಗಿರಿ. ಕರೆಂಟಿನ ಹರ್ಟ್ಸ್ ಎಣಿಸುವ ಗಡಿಯಾರ ಇದ್ದರೆ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ.

ರೇಡಿಯೋ ಟ್ಯೂನರ್ ತರುವವರಿಗೆ ಒಂದು ಮಾತು: ಜಪಾನಿನ ಹಳೇ ಎಫ್‌ಎಂ 76ರಿಂದ 90 ಮೆಗಾಹರ್ಟ್ಸ್‌ಗೇ ನಿಲ್ಲುತ್ತದೆ. ನಮ್ಮ ಬೆಂಗಳೂರಿನ ಎಫ್‌ಎಂ ರೈನ್‌ಬೋ 101.3, ವಿವಿಧ ಭಾರತಿ 102.9. ಏನೂ ಕೇಳಿಸುವುದಿಲ್ಲ.

ಮೊದಲ ಸಲ ಆನ್ ಮಾಡುವಾಗ ಸೀರೀಸ್ ಬೋರ್ಡ್ ಬಳಸಿ, ಅಂದರೆ ಕರೆಂಟು ಒಂದು ಬಲ್ಬಿನ ಮೂಲಕವೇ ಸೆಟ್ಟಿಗೆ ಹೋಗುವ ಬೋರ್ಡು. 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬು ಬೇಕು, ಎಲ್‌ಇಡಿ ನಡೆಯುವುದಿಲ್ಲ. ಗೋಡೆಗೂ ಸ್ಟೆಪ್‌ಡೌನ್‌ಗೂ ನಡುವೆ ಅದು ಬರಬೇಕು, ಸ್ಪೀಕರ್ ವೈರು ಕಿತ್ತಿರಬೇಕು. ಬಲ್ಬು ಒಂದು ಕ್ಷಣ ಹೊತ್ತಿ ಮಂಕಾದರೆ ಒಳಗೆ ಶಾರ್ಟ್ ಇಲ್ಲ. ಪೂರ್ತಿ ಬೆಳಕಲ್ಲೇ ನಿಂತರೆ ತಕ್ಷಣ ಆರಿಸಿ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ನೀವೇ ಮುಚ್ಚಳ ಬಿಚ್ಚಬೇಡಿ, ಪ್ಲಗ್ಗು ಕಿತ್ತರೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ.

ಸ್ಟೆಪ್‌ಡೌನ್ ಡಬ್ಬಿಯನ್ನು ರೆಕಾರ್ಡ್ ಪ್ಲೇಯರ್ ಪಕ್ಕ ಇಡಬೇಡಿ, ಹಾಡಿನಲ್ಲಿ ಹಮ್ ಅನ್ನುವ ಗುಂಯ್ ಸದ್ದು ಸೇರಿಕೊಳ್ಳುತ್ತದೆ. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡಿಸಲೂ ಬೇಡಿ. ಡಬ್ಬಿಯ ಗೋಜೇ ಬೇಡ ಅನ್ನುವವರು ಸೆಟ್ಟಿನ ಒಳಗಿನ ಟ್ರಾನ್ಸ್‌ಫಾರ್ಮರನ್ನೇ 230ಕ್ಕೆ ಹೊಸದಾಗಿ ಸುತ್ತಿಸಿ ಹಾಕಿಸುತ್ತಾರೆ, ಒಳ್ಳೇ ಕೆಲಸದವರು ಸಿಕ್ಕರೆ ಅದೇ ಎಲ್ಲಕ್ಕಿಂತ ಅಚ್ಚುಕಟ್ಟು. ಹಾಗೆ ಮಾಡಿಸಿದರೆ ಬಿಚ್ಚಿದ ಹಳೇದನ್ನು ಗುಜರಿಗೆ ಹಾಕಬೇಡಿ, ಮುಂದೆ ಸೆಟ್ಟು ಮಾರುವಾಗ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.