ಜೀಪ್ ಇಟ್ಟುಕೊಂಡವರಿಗೆ ಏನು ಬೇಕು? ಕೇಳಿ ತಿಳಿಯುವುದು ಹೀಗೆ

ಚಿಕ್ಕಮಗಳೂರಲ್ಲೋ ಸಕಲೇಶಪುರದಲ್ಲೋ ಜೀಪ್ ಸಾಮಾನಿನ ಅಂಗಡಿ ಇಡಬೇಕು ಅಂದುಕೊಂಡಿದ್ದೀರಿ. ಏನು ತಂದಿಟ್ಟರೆ ಖರ್ಚಾಗುತ್ತದೆ? ಮಾಲೀಕರನ್ನೇ ಕೇಳಬೇಕು, ಅಲ್ವಾ? ನಾನೂ ಕೇಳಿದ್ದೆ. ಒಂದು ಜೀಪ್ ರ‍್ಯಾಲಿಗೆ ಹೋಗಿ, ಎಲ್ಲರೂ ಗುಂಪಾಗಿ ನಿಂತಿದ್ದಾಗ, 'ವಿಂಚ್ ಸಿಕ್ಕರೆ ತಗೋತೀರಾ?' ಅಂದೆ. ವಿಂಚ್ ಅಂದರೆ ಗಾಡಿಯ ಮುಂದೆ ಕೂರಿಸುವ, ಹಗ್ಗ ಸುತ್ತಿಕೊಳ್ಳುತ್ತಾ ಹೂತ ಗಾಡಿಯನ್ನು ಎಳೆದು ತೆಗೆಯುವ ಯಂತ್ರ. ಎಲ್ಲರೂ ಹೂಂ ಅಂದರು. ತರಿಸಿದ್ದು ನಾಲ್ಕು; ಅದರಲ್ಲಿ ಮೂರು ಇಡೀ ವರ್ಷ ಅಟ್ಟದ ಮೇಲಿದ್ದವು.

ಮೊದಲು ಜರಡಿ ಹಿಡಿಯಿರಿ. ಮಹೀಂದ್ರದ ಥಾರ್ ಜೀಪ್ ಇದ್ದವರೆಲ್ಲ ಕೆಸರಿಗೆ ಇಳಿಯುವವರಲ್ಲ. 2023ರಲ್ಲಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಂಜಿನ್ ಶಕ್ತಿ ಹೋಗುವ ಥಾರ್ ಕೂಡ ಬಂತು. ನೋಡೋಕೆ ಎರಡೂ ಒಂದೇ. ಹಾಗಾಗಿ ಗಾಡಿಯ ಹೆಸರು ಕೇಳಬೇಡಿ. 'ಕಳೆದ ಮಳೆಗಾಲದಲ್ಲಿ ಫೋರ್ ಲೋ ಎಲ್ಲಿ ಹಾಕಿದ್ರಿ?' ಅಂತ ಕೇಳಿ. ಫೋರ್ ಲೋ ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟು, ನಿಧಾನವಾಗಿ ಆದರೆ ಜೋರಾಗಿ ಎಳೆಯುವ ಗೇರ್. ಥಟ್ಟನೆ ಒಂದು ಏರಿನ ಹೆಸರೋ ಹಳ್ಳದ ಹೆಸರೋ ಬಂದರೆ ಅಲ್ಲೇ ಕೂತುಬಿಡಿ. 'ಹಾಕ್ತಾ ಇರ್ತೀವಿ' ಅಂದರೆ ಟೀ ಕುಡಿದು ಎದ್ದುಬನ್ನಿ.

ಆಮೇಲೆ ಗುಂಪು ಬೇರೆ ಮಾಡಿ. ಕಾಫಿ ತೋಟದವರಿಗೆ ಜೀಪ್ ಕೆಲಸದ ಆಳು. ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಒಯ್ಯುವ ಚಾಲಕರಿಗೆ ಅದೇ ಅನ್ನ. ವಾರದ ಕೊನೆಗೆ ಬೆಂಗಳೂರಿನಿಂದ ಬರುವವರಿಗೆ ಶೋಕಿ. ಈ ಮೂವರ ಉತ್ತರವನ್ನು ಒಟ್ಟಿಗೆ ಕಲಸಿದರೆ ಯಾರಿಗೂ ಬೇಡದ ಸಾಮಾನು ತರಿಸುತ್ತೀರಿ.

ಹೊತ್ತು ನೋಡಿ ಹೋಗಿ. ಹಣ್ಣು ಕೊಯ್ಲು ನಡೆಯುವಾಗ ತೋಟದವರಿಗೆ ಪುರುಸೊತ್ತಿಲ್ಲ. ಬಾಡಿಗೆ ಜೀಪಿನವರು ವಾರದ ನಡುವೆ ಮಧ್ಯಾಹ್ನ ಸಿಗುತ್ತಾರೆ.

ಇನ್ನು ಪ್ರಶ್ನೆ. ಇದೇ ಮುಖ್ಯ. 'ತಗೋತೀರಾ?' ಅನ್ನುವುದನ್ನು ಮರೆತುಬಿಡಿ. ಆಗಿಹೋದದ್ದನ್ನು ಕೇಳಿ: ಕೊನೆಯ ಸಲ ಹೂತುಕೊಂಡಾಗ ಹೇಗೆ ಮೇಲೆ ಬಂದಿರಿ? ಕೊನೆಯ ಸಲ ಗಾಡಿಗೆ ದುಡ್ಡು ಹಾಕಿದ್ದು ಯಾವುದಕ್ಕೆ? ಸಕಲೇಶಪುರದ ಹತ್ತಿರದ ಬೆಳೆಗಾರರೊಬ್ಬರು ಹೇಳಿದ್ದು ಹೀಗೆ: 'ಟೈರ್ ಕೆಳಗೆ ಸಿಲ್ವರ್ ಓಕ್ ಮರದ ಸೊಪ್ಪು ಹಾಕಿದ್ವಿ, ಗೋಣಿಚೀಲ ಹಾಸಿದ್ವಿ, ಆಗಲಿಲ್ಲ ಮಾರಾಯ್ರೆ. ಪಕ್ಕದ ತೋಟದ ಟ್ರ್ಯಾಕ್ಟರ್ ತರಿಸಿದ್ವಿ. ಎಳೆಯುವಾಗ ಹಗ್ಗವೇ ತುಂಡಾಯ್ತು.' ಅವರಿಗೆ ವಿಂಚ್ ಯಾಕೆ? ಗಟ್ಟಿ ಹಗ್ಗ ಸಾಕು. ಮಾತಾಡುತ್ತಲೇ ಗಾಡಿಯ ಹಿಂಬದಿಗೂ ಒಮ್ಮೆ ಇಣುಕಿ. ಅವರ ಜೀಪಿನಲ್ಲಿ ಕತ್ತಿ, ಗೊಬ್ಬರದ ಚೀಲ, ಗಂಟು ಹಾಕಿದ ಅದೇ ಹಗ್ಗ ಇತ್ತು.

ಒಂದು ತೊಡಕಿದೆ. ಗಾಡಿಗೆ ಮಾಡಿಸಿದ ಬದಲಾವಣೆ ಬಗ್ಗೆ ಜನ ಬಾಯಿ ಬಿಡುವುದಿಲ್ಲ. ಕಂಪನಿ ಕೊಟ್ಟ ಮೂಲ ರೂಪ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ನೀವು ಆರ್‌ಟಿಒ ಕಡೆಯವರು ಅಂತ ಅನುಮಾನ ಬಂದರೆ ಮುಗೀತು. ಹೆಸರು, ಗಾಡಿ ನಂಬರ್ ಬರೆದುಕೊಳ್ಳಬೇಡಿ. ಬರೆದುಕೊಳ್ಳಲ್ಲ ಅಂತ ಮೊದಲೇ ಹೇಳಿ.

ಒಂದೊಂದು ಗುಂಪಿನಲ್ಲಿ ಹತ್ತು ಹನ್ನೆರಡು ಜನರ ಜೊತೆ ಮಾತಾಡಿದ ಮೇಲೆ ಹಳೇ ಮಾತೇ ಮರುಕಳಿಸತೊಡಗುತ್ತದೆ. ಆಗ ಸಣ್ಣದೊಂದು ಫಾರಂ ಮಾಡಿ, 100 ಜನರಿಗೆ ಕೊಡಿ. ಅವರಲ್ಲಿ 40 ಮಂದಿ ಹಗ್ಗ ತುಂಡಾಗಿತ್ತು ಅಂದರೆ, ಒಟ್ಟು ಮಾಲೀಕರಲ್ಲಿ ಅದು ನೂರಕ್ಕೆ 30ರಿಂದ 50ರ ನಡುವೆ ಎಲ್ಲಾದರೂ ಇರಬಹುದು. ಅದೂ ಪರಿಚಯದವರಿಗೇ ಹಂಚದೆ, ಎಲ್ಲ ಮಾಲೀಕರ ನಡುವಿನಿಂದ ಚೀಟಿ ಎತ್ತಿದ ಹಾಗೆ ಆರಿಸಿದ್ದರೆ ಮಾತ್ರ. ಹಾಗಾಗಿ 40 ಬಂತೋ 45 ಬಂತೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಮೊದಲ ಕಂತಿಗೆ ಹತ್ತು ಹಗ್ಗ ತರಿಸಿ. ವಿಂಚ್ ಬೇಕಿದ್ದರೆ ನನ್ನ ಅಟ್ಟದ ಮೇಲೆ ಇನ್ನೂ ಒಂದಿದೆ.