ಆರು ಗುಂಟೆಯ ಆಟದ ಗದ್ದೆ

ನಮ್ಮದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗ, ಮಳವಳ್ಳಿ ಕಡೆ. ಕೆಆರ್‌ಎಸ್‌ನಿಂದ ನೀರು ಬಿಟ್ಟರೆಂದು ಪತ್ರಿಕೆಯಲ್ಲಿ ಓದಿದ ಎಷ್ಟೋ ದಿನಗಳ ಮೇಲೆ ನಮ್ಮ ತೂಬು ಒದ್ದೆಯಾಗುತ್ತದೆ. ಭತ್ತದ ಬೀಜದ ಚೀಲದ ಮೇಲೆ ಇಷ್ಟು ದಿನದ ತಳಿ ಎಂದು ಅಚ್ಚಾಗಿರುತ್ತದೆಯೇ ಹೊರತು ನೀರು ತಡವಾದರೆ ಏನು ಗತಿ ಎಂದು ಇರುವುದಿಲ್ಲ.

ಅದನ್ನು ಕಲಿಯಲು ನನಗೆ ಸುಮಾರು 35,000 ರೂಪಾಯಿ ಹಿಡಿಯಿತು. ಐದಾರು ವರ್ಷದ ಹಿಂದೆ ಅಂಗಡಿಯವನ ಮಾತು ನಂಬಿ ಎರಡೂ ಎಕರೆಗೆ ಒಂದೇ ಅಲ್ಪಾವಧಿ ತಳಿ ಹಾಕಿದೆ. ನೀರು ಬರುವಷ್ಟರಲ್ಲಿ ಒಟ್ಟಲಿನಲ್ಲಿದ್ದ (ಸಸಿ ಮಡಿಯಲ್ಲಿದ್ದ) ಪೈರಿಗೆ 40 ದಿನ ದಾಟಿತ್ತು. ನಾಟಿಯಾದ ಮೇಲೆ ಬುಡದಿಂದ ಸರಿಯಾಗಿ ತೆಂಡೆ (ಮರಿ ಕವಲು) ಒಡೆಯುವ ಮೊದಲೇ ತೆನೆ ಹೊರಟಿತು. ಎಕರೆಗೆ 12 ಕ್ವಿಂಟಾಲ್ ಆಯಿತೋ ಇಲ್ಲವೋ. ಅದೇ ಬೀಜ ನಾಲೆಯ ಮೇಲ್ಭಾಗದಲ್ಲಿರುವ ಭಾವನವರ ಗದ್ದೆಯಲ್ಲಿ 24 ಕೊಟ್ಟಿತ್ತು.

ಮರುವರ್ಷ 6 ಗುಂಟೆ ಬೇರೆ ಇಟ್ಟೆ. ಗುಂಟೆಗೊಂದು ತಳಿ: ಐಆರ್ 64, ತನು, ಎಂಟಿಯು 1001, ಜಯಾ, ಬಿಆರ್ 2655, ಮನೆಯ ಊಟಕ್ಕೆ ರಾಜಮುಡಿ. ಗುಂಟೆಗೆ ಮುಕ್ಕಾಲು ಕೆ.ಜಿ. ಬೀಜ ಸಾಕು. ಚೀಲ ಕೊಳ್ಳದೆ ಸೇರಿಗೆ ಸೇರು ಬದಲಾಯಿಸಿಕೊಂಡು ತಂದೆ. ನೀರು ತಡವಾದರೆ ಯಾವುದು ತಡೆಯುತ್ತದೆ ಎಂದು ನೋಡಲು ನಾಟಿಯನ್ನು ಬೇಕೆಂದೇ ತಡಮಾಡಿದೆ. "ಏನಪ್ಪಾ, ವಿ.ಸಿ. ಫಾರಂ ನಿನ್ನ ಗದ್ದೆಗೇ ಬಂದುಬಿಟ್ಟಿತಾ?" ಎಂದು ಪಕ್ಕದ ಗದ್ದೆಯ ಯಜಮಾನರು ದಿನವೂ ಕೇಳುತ್ತಿದ್ದರು. ವಿ.ಸಿ. ಫಾರಂ ಎಂದರೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ.

ಮೊದಲ ವರ್ಷ ಅವರೇ ಗೆದ್ದರು. ಐಆರ್ 64 ಸುತ್ತಲಿನ ಗದ್ದೆಗಳಿಗಿಂತ ಮುಂಚೆ ಹಾಲುಗಟ್ಟಿತು. ಹಕ್ಕಿಗಳಿಗೆ ಬೇರೆಲ್ಲೂ ಊಟವಿರಲಿಲ್ಲ, ಆ ಒಂದು ಗುಂಟೆಯ ಮೇಲೆಯೇ ಎರಗಿದವು. ಉಳಿದದ್ದು ಜೊಳ್ಳು. ಎಂಟಿಯು 1001 ತಿಪ್ಪೆಯ ಪಕ್ಕಕ್ಕೆ ಬಿದ್ದಿತ್ತು. ಗೊಬ್ಬರದ ನೀರು ಕುಡಿದು ಕಪ್ಪಗೆ ಬೆಳೆದದ್ದನ್ನು ನೋಡಿ ಅದೇ ಗೆದ್ದಿತೆಂದು ಮುಂದಿನ ಬಾರಿ ಅರ್ಧ ಎಕರೆಗೆ ಹಾಕಿದೆ. ತಿಪ್ಪೆಯ ಗುಣವನ್ನು ತಳಿಯ ಗುಣ ಎಂದುಕೊಂಡಿದ್ದೆ, ಮತ್ತೆ ಏಳೆಂಟು ಸಾವಿರ ಹೋಯಿತು.

ಆಮೇಲೆ ಪ್ರತಿ ತಳಿಯನ್ನೂ ಎರಡು ಕಡೆ ಅರ್ಧರ್ಧ ಗುಂಟೆ ಹಾಕಿದೆ. ಬೇಗ ಬರುವುದಕ್ಕೆ ಒಟ್ಟಲು ತಡವಾಗಿ ಬಿಟ್ಟು, ಎಲ್ಲವೂ ಹೆಚ್ಚು ಕಡಿಮೆ ಒಟ್ಟಿಗೆ ತೆನೆ ಬರುವಂತೆ ನೋಡಿಕೊಂಡೆ. ಎಷ್ಟು ದಿನ ಹಿಂದೆ ಮುಂದೆ ಎಂಬ ಲೆಕ್ಕ ನನ್ನ ಬಳಿಯೇ ಇರಲಿ. ಬಿಆರ್ 2655 ಎರಡು ವರ್ಷವೂ ಗುಂಟೆಗೆ 50 ಕೆ.ಜಿ. ಮೇಲೆ ತೂಗಿತು. ಹುಲ್ಲನ್ನೂ ತೂಗಿದೆ, ಮನೆಯಲ್ಲಿ ಮೂರು ಹಸುಗಳಿವೆ. ರಾಜಮುಡಿ ಮಾತ್ರ ಮಳೆಗೆ ಚಾಪೆ ಹಾಸಿದಂತೆ ಮಲಗಿತು, ಅನ್ನ ಚೆನ್ನಾಗಿತ್ತು.

ಅದೇ ಹುಚ್ಚಿನಲ್ಲಿ ಮೇಲಿನ ಹೊಲದಲ್ಲಿ ಹಳೆಯ ಇಂಡಾಫ್ ರಾಗಿಯ ಪಕ್ಕ ಜಿಪಿಯು 28 ಹಾಕಿದ್ದೆ. ಬೆಂಕಿ ರೋಗಕ್ಕೆ ಇಂಡಾಫ್ ತೆನೆಗಳ ಕುತ್ತಿಗೆ ಕಪ್ಪಾಗಿ ನೇತಾಡಿದವು. ಒಂದು ಮೊಳ ಆಚೆ ಜಿಪಿಯು ನೆಟ್ಟಗೆ ನಿಂತಿತ್ತು.

ಈಗ ಹೊಸ ತಳಿ ಕಂಡರೆ ಎಷ್ಟು ಬಂತು ಎಂದು ಯಾರನ್ನೂ ಕೇಳುವುದಿಲ್ಲ. ಎಲ್ಲರೂ ಎರಡು ಮೂಟೆ ಸೇರಿಸಿಯೇ ಹೇಳುತ್ತಾರೆ, ನಾನೂ ಹೇಳುತ್ತೇನೆ. "ಮರುವರ್ಷವೂ ಅದನ್ನೇ ಹಾಕಿದಿರಾ?" ಎಂದಷ್ಟೇ ಕೇಳುತ್ತೇನೆ. ಮಿಲ್ಲಿನವನನ್ನು ಇನ್ನೊಂದು ಮಾತು ಕೇಳುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಹೋದ ವರ್ಷ ಎರಡು ಎಕರೆಗೆ 43 ಕ್ವಿಂಟಾಲ್ ಆಯಿತು. ಪಕ್ಕದ ಯಜಮಾನರು ಬಿತ್ತನೆಗೆ 50 ಕೆ.ಜಿ. ಕೇಳಿಕೊಂಡು ಬಂದರು. ಉಳಿದವರಿಗೆಲ್ಲ ಸೇರಿಗೆ ಸೇರು ಬದಲು ಕೊಟ್ಟಿದ್ದೆ, ಅವರ ಹತ್ತಿರ ಮಾತ್ರ ಹಣ ತೆಗೆದುಕೊಂಡೆ.